ಅಸಬೆಯ ಎರಡನೇ ಭಾಗ

ಕಾನೊ ನಗರದ ಹಳೇ ಕೋಟೆಯೊಳಗೆ ಕೂತು ಕಾದಂಬರಿ ಬರೆಯುವ ಹೆಂಗಸರೆಲ್ಲ ಒಂದಲ್ಲ ಒಂದು ಸಲ ಮಾಡಿಕೊಳ್ಳುವ ಎಡವಟ್ಟನ್ನೇ ಅಸಬೆಯೂ ಮಾಡಿಕೊಂಡಿದ್ದಳು. ಎರಡನೇ ಭಾಗದಲ್ಲಿ ಏನಾಗುತ್ತದೆಂದು ತನಗೇ ಗೊತ್ತಿಲ್ಲದೆ ಮೊದಲನೇ ಭಾಗವನ್ನು ಅಚ್ಚಿಗೆ ಕೊಟ್ಟುಬಿಟ್ಟಿದ್ದಳು. ಅದರ ಕೊನೇ ಪುಟದಲ್ಲಿ ನಾಯಕಿ ಬಿಲ್ಕಿಸು ಬಾಗಿಲು ತೆರೆದರೆ ಎದುರಿಗೆ ಮುಸುಕು ಹೊದ್ದ ಮದುಮಗಳು, ಗಂಡನ ಎರಡನೇ ಹೆಂಡತಿ. ಅಲ್ಲಿಯತನಕ ಬಿಲ್ಕಿಸುವಿಗೆ ಸುಳಿವೇ ಇರಲಿಲ್ಲ. ಪುಸ್ತಕ ಚೆನ್ನಾಗಿ ಖರ್ಚಾಯಿತು, ಮುಂದೇನು ಎಂದು ಓದುಗರು ಕಾಗದ ಬರೆದು ಪ್ರಾಣ ತಿಂದರು. ಅಸಬೆಯ ನೋಟ್‌ಬುಕ್ಕು ಮಾತ್ರ ಎರಡು ತಿಂಗಳಿಂದ ಒಂದೇ ಪುಟದಲ್ಲಿ ನಿಂತಿತ್ತು. ಮದುವೆಗೆಂದು ಗಂಡು ಹೆಣ್ಣಿಗೆ ಕಡಿಮೆಯೆಂದರೂ ಆರು ಪೆಟ್ಟಿಗೆ ಬಟ್ಟೆ ಕೊಡಬೇಕು, ಅದು ಅಲ್ಲಿಯ ಪದ್ಧತಿ. ಅಷ್ಟೊಂದು ಪೆಟ್ಟಿಗೆ ತುಂಬುವಾಗ, ಬೀದಿಗೆಲ್ಲ ಸುದ್ದಿ ಗೊತ್ತಿರುವಾಗ, ಹೆಂಡತಿಯೊಬ್ಬಳಿಗೆ ಗೊತ್ತಾಗದೇ ಇರುವುದು ಹೇಗೆ? ಅಚ್ಚಾದದ್ದನ್ನು ತಿದ್ದುವ ಹಾಗೂ ಇಲ್ಲ.

ಅಸಬೆ ಬರೆದದ್ದನ್ನು ಓದಿ ಹೇಳುತ್ತಿದ್ದವಳು ಲಾದಿ. ಗೋಡೆಯಾಚೆಯ ಮನೆಯವಳು, ಕುರಾನ್ ಶಾಲೆಯ ಕಾಲದಿಂದ ಜೊತೆಗಾತಿ, ಅಸಬೆಯ ಮೂರು ಹೆರಿಗೆಯಲ್ಲೂ ಕೈಹಿಡಿದು ಕೂತವಳು. ಶುಕ್ರವಾರ ಮಧ್ಯಾಹ್ನದ ನಮಾಜು ಮುಗಿದ ಮೇಲೆ ನೆರೆಯ ನಾಲ್ಕೈದು ಹೆಂಗಸರು ಅಸಬೆಯ ಅಂಗಳದಲ್ಲಿ ಅಲಸಂದೆ ಬಿಡಿಸುತ್ತ ಕೂರುವರು, ಲಾದಿ ಹೊಸ ಅಧ್ಯಾಯವನ್ನು ಗಟ್ಟಿಯಾಗಿ ಓದುವಳು. ಮೊದಲೇ ಕಣ್ಣಾಡಿಸುವ ಹಾಗಿಲ್ಲ, ಕೇಳುವವರ ಜೊತೆಗೇ ಅವಳಿಗೂ ಕತೆ ತಿಳಿಯಬೇಕು. ಅದು ಅವರ ನಿಯಮ. ಕತೆ ಎಲ್ಲಾದರೂ ಕುಂಟಿತೋ, ಇದನ್ನು ನಂಬಲಾಗುವುದಿಲ್ಲ ಎಂದು ಹೆಂಗಸರು ಮುಲಾಜಿಲ್ಲದೆ ಹೇಳುವರು. ಎಷ್ಟೋ ಅಧ್ಯಾಯಗಳು ಹಾಗೆ ಒಲೆ ಸೇರಿದ್ದವು.

ಒಂದು ಬೆಳಿಗ್ಗೆ ಇಬ್ಬರೂ ಸಜ್ಜೆ ಗಂಜಿ ಕುಡಿಯುತ್ತ ಕೂತಿದ್ದಾಗ ಅಸಬೆ ಮತ್ತೆ ಅದೇ ಗೋಳು ತೆಗೆದಳು. ಪೆಟ್ಟಿಗೆಗಳನ್ನು ಗಂಡ ತನ್ನ ಅಕ್ಕನ ಮನೆಯಲ್ಲಿ ಬಚ್ಚಿಟ್ಟ ಎಂದು ಬರೆಯಲೇ ಎಂದು ಕೇಳಿದಳು. ಲಾದಿ ಬಟ್ಟಲಿನಿಂದ ತಲೆ ಎತ್ತಲಿಲ್ಲ.

"ಅಕ್ಕನ ಮನೆ ಯಾಕೆ? ಹೆಂಡ್ತಿ ದಿನಾ ಹೋಗಿ ಬರೋ ಮನೇಲೇ ಇಡ್ಲಿ. ಮಂಚದ ಕೆಳಗೆ. ಅಲ್ಲಿ ಅವಳು ಹುಡುಕೋದೇ ಇಲ್ಲ."

"ಆ ಮನೆಯೋಳು ಹೇಳಲ್ವೇನೇ?"

"ಹೇಳಿದ್ರೆ ಹೇಳಿದೋಳೇ ಕೆಟ್ಟೋಳಾಗ್ತಾಳೆ ಕಣೇ. ಬಾಯಿ ಬಿಡಬೇಡ ಅಂತ ಅವನೂ ಅಂದಿರ್ತಾನೆ. ಸುಮ್ನಿರ್ತಾಳೆ."

ಅಸಬೆಗೆ ಕುಣಿಯುವಷ್ಟು ಖುಷಿಯಾಯಿತು. ತನ್ನ ತಟ್ಟೆಯ ಅಲಸಂದೆ ವಡೆ ಎರಡನ್ನೂ ಎತ್ತಿ ಲಾದಿಯ ತಟ್ಟೆಗೆ ಹಾಕಿದಳು.

ಅಂದಾಜಿನ ಮೇಲೆ ಬರೆಯುವ ಜಾಯಮಾನ ಅಸಬೆಯದಲ್ಲ. ಆರು ಪೆಟ್ಟಿಗೆ ಮಂಚದ ಕೆಳಗೆ ಹಿಡಿಸುತ್ತವೋ ಇಲ್ಲವೋ ನೋಡದೆ ಆ ಸಾಲು ಬರೆಯುವುದು ಹೇಗೆ? ಅವಳ ಮನೆಯಲ್ಲಿ ನೆಲದ ಮೇಲೆ ಹಾಸಿಗೆ. ಎತ್ತರದ ಕಬ್ಬಿಣದ ಮಂಚ ಇದ್ದದ್ದು ಲಾದಿಯ ಮನೆಯಲ್ಲಿ. ಮರುದಿನ ಅಳತೆಗೆಂದು ದಾರ ಹಿಡಿದು ಹೋದಳು. ಲಾದಿ ಯಾರದೋ ಮಗುವಿನ ನಾಮಕರಣಕ್ಕೆ ಹೋಗಿದ್ದಳು. ಆ ಮನೆಯೊಳಕ್ಕೆ ಅಸಬೆ ಯಾವತ್ತೂ ಕೇಳಿ ಹೋದವಳಲ್ಲ. ಮಂಚದಿಂದ ಇಳಿಬಿದ್ದಿದ್ದ ಹೊದಿಕೆಯನ್ನು ಎತ್ತಿ ಬಗ್ಗಿ ನೋಡಿದಳು.

ಆರು ಹಿಡಿಸಿದ್ದವು. ಹಸಿರು ಬಣ್ಣದವು.

ಒಂದನ್ನು ಎಳೆದು ತೆರೆದಳು. ಮೇಲೆಯೇ ಇತ್ತು, ನೀಲಿಯ ಮೇಲೆ ಹಳದಿ ಹಕ್ಕಿಗಳಿದ್ದ ಬಟ್ಟೆ. ಬಟ್ಟೆ ವ್ಯಾಪಾರಿಯಾದ ಅವಳ ಗಂಡ ಗರ್ಬಾ ಹೋದ ತಿಂಗಳು ಇಪ್ಪತ್ತು ಮೂವತ್ತು ತುಂಡುಗಳನ್ನು ಅವಳ ಮುಂದೆ ಹರಡಿ, ದೊಡ್ಡ ಗಿರಾಕಿಯೊಬ್ಬರಿಗೆ ಬೇಕು, ನಿನ್ನ ಕಣ್ಣು ಚೆನ್ನಾಗಿದೆ, ಆರಿಸಿಕೊಡು ಎಂದಿದ್ದ. ಅರ್ಧ ದಿನ ಕೂತು ಆರಿಸಿದ್ದಳು. ಹಕ್ಕಿಯ ಬಟ್ಟೆಯನ್ನು ತನಗೇ ಇಟ್ಟುಕೊಳ್ಳೋಣವೆನಿಸಿ, ಮನಸ್ಸು ಗಟ್ಟಿ ಮಾಡಿ ಕೊಟ್ಟಿದ್ದಳು.

ಗಂಡನ ಮೇಲೆ ಸಿಟ್ಟು ಬಂತು, ನಿಜ. ಆದರೆ ಗಂಡ ಇನ್ನೊಬ್ಬಳನ್ನು ತಂದಾನೆಂಬ ಭಯವನ್ನು ಮದುವೆಯಾದ ದಿನದಿಂದಲೂ ಸೆರಗಿಗೆ ಕಟ್ಟಿಕೊಂಡೇ ಬದುಕಿದ್ದಳು. ಲಾದಿಯ ಬಗ್ಗೆ ಮಾತ್ರ ಯಾವ ಭಯವೂ ಇರಲಿಲ್ಲ. ನಿನ್ನೆ ಆ ಹೆಂಗಸು ಅಸಬೆಯ ಬದುಕನ್ನೇ ಅಸಬೆಗೆ ಕತೆ ಮಾಡಿ ಹೇಳಿದ್ದಳು, ಅಸಬೆ ಅವಳಿಗೆ ವಡೆ ಬಡಿಸಿದ್ದಳು. ಅಸಬೆ ಪೆಟ್ಟಿಗೆಯನ್ನು ಒಳಕ್ಕೆ ತಳ್ಳಿ ಮನೆಗೆ ಬಂದು ಶುಕ್ರವಾರದವರೆಗೂ ಬರೆದಳು. ಗಂಡನ ಊಟದಲ್ಲಿ ಒಂದು ಹರಳು ಉಪ್ಪೂ ಹೆಚ್ಚುಕಡಿಮೆಯಾಗಲಿಲ್ಲ.

ಶುಕ್ರವಾರ ಲಾದಿ ಗಂಟಲು ಸರಿಮಾಡಿಕೊಂಡು ಓದತೊಡಗಿದಳು. ಮದುಮಗಳು ಬಂದ ಮರುದಿನ, ಅವಳ ಪೆಟ್ಟಿಗೆಗಳನ್ನು ಇನ್ನೂ ಎಲ್ಲಿ ಬಚ್ಚಿಟ್ಟಿದ್ದಾರೆಂದು ಹುಡುಕುತ್ತ ಬಿಲ್ಕಿಸು ದಾರ ಹಿಡಿದು ಗೆಳತಿಯ ಮನೆಗೆ ಹೋದಳು. ಕಬ್ಬಿಣದ ಮಂಚ ಬಂತು. ಹೊದಿಕೆ ಬಂತು. ಲಾದಿಯ ದನಿ ನಿಧಾನವಾಯಿತು. ಆರು ಪೆಟ್ಟಿಗೆ, ಹಸಿರು ಬಣ್ಣದವು ಎಂದು ಓದಿ ಅಲ್ಲಿಗೇ ನಿಲ್ಲಿಸಿಬಿಟ್ಟಳು.

"ಓದು ಲಾದಿ," ಎಂದಳು ಅಸಬೆ. "ಹಕ್ಕಿ ಬಟ್ಟೆ ಇನ್ನೂ ಬಂದಿಲ್ಲ."

ಲಾದಿ ಓದಿದಳು. ಅಧ್ಯಾಯ ಮುಗಿಯಿತು. ಇದನ್ನು ನಂಬಲಾಗುವುದಿಲ್ಲ ಎಂದು ಯಾರಾದರೂ ಹೇಳಲಿ ಎಂದು ಅಸಬೆ ಕಾದಳು. ಒಬ್ಬರಾದರೂ ಹೇಳಿದ್ದರೆ ಅವಳ ಜೀವಕ್ಕೆ ತಂಪಾಗುತ್ತಿತ್ತು. ಯಾರೂ ಹೇಳಲಿಲ್ಲ. ಎಲ್ಲರ ಕಣ್ಣೂ ಮೊರದೊಳಗಿನ ಅಲಸಂದೆಯ ಮೇಲೆ. ಬೀದಿಗೆಲ್ಲ ಗೊತ್ತಿದ್ದು ಹೆಂಡತಿಗೆ ಗೊತ್ತಾಗದಿರುವುದು ಹೇಗೆಂದು ಎರಡು ತಿಂಗಳಿಂದ ಅವಳು ಕೇಳುತ್ತ ಬಂದದ್ದು ಇವರನ್ನೇ.

ಲಾದಿಯ ಕಣ್ಣು ತುಂಬಿತ್ತು. "ಅಸಬೆ, ಕತೆ ನೆಪದಲ್ಲಾದ್ರೂ ಹೇಳೋಣ ಅಂತಾನೇ ಅವತ್ತು ಬಾಯ್ಬಿಟ್ಟೆ ಕಣೇ."

ಅಸಬೆ ಅವಳ ಮಡಿಲಿಂದ ನೋಟ್‌ಬುಕ್ಕನ್ನು ಎತ್ತಿಕೊಂಡಳು.

"ನೀನು ಹೇಳಿದ್ದು ಬಿಲ್ಕಿಸುಗೆ, ಲಾದಿ. ನನಗಲ್ಲ. ಮುಂದಿನ ಅಧ್ಯಾಯ ನಾನೇ ಓದ್ಕೋತೀನಿ."