ವಾಣಿ ಬರೆದಿಟ್ಟ ನೀಲಿ ಪರದೆಗಳು

ದಾವಣಗೆರೆಯ ವಿನೋಬನಗರದ ಪರಶುರಾಮ್ ಮೊದಲು ರೇಡಿಯೊ, ಟೇಪ್ ರೆಕಾರ್ಡರ್ ರಿಪೇರಿ ಮಾಡುತ್ತಿದ್ದವನು. ಆಮೇಲೆ ಕಂಪ್ಯೂಟರ್ ಜೋಡಿಸುವುದನ್ನೂ ಕಲಿತ. ಕೈ ಚುರುಕು, ಮಾತು ಮೆದು. ಆದರೆ ‘ನನಗೆ ಗೊತ್ತಾಗ್ತಿಲ್ಲ’ ಎನ್ನುವುದಕ್ಕೆ ಮಾತ್ರ ಅವನ ನಾಲಿಗೆ ಹೊರಳುತ್ತಿರಲಿಲ್ಲ.

ತೊಂಬತ್ತೆಂಟರ ಕೊನೆಗೆ ಹರಿಹರದ ಕಸ್ತೂರಮ್ಮನ ಮನೆಗೆ ಅವನೊಂದು ಕಂಪ್ಯೂಟರ್ ಜೋಡಿಸಿಕೊಟ್ಟ. ತರಿಸಿದವನು ಮಗ ಬಸವಪ್ರಭು. ಅವನ ಹುಮ್ಮಸ್ಸು ತಿಂಗಳಿಗೇ ಇಳಿಯಿತು. ಕೂತು ಕಲಿತವಳು ಅವನ ಹೆಂಡತಿ ವಾಣಿ. ದಾವಣಗೆರೆಯ ಪ್ರೆಸ್ಸೊಂದು ಅವಳಿಗೆ ಹೈಸ್ಕೂಲು ವ್ಯಾಕರಣದ ಪುಸ್ತಕವೊಂದನ್ನು ಟೈಪ್ ಮಾಡಲು ಕೊಟ್ಟಿತ್ತು. ಅಡುಗೆ ಮುಗಿಸಿ, ಮಧ್ಯಾಹ್ನ ಪೂರ್ತಿ ಅದರ ಮುಂದೆ ಕೂರುತ್ತಿದ್ದಳು.

ಬೇಸಿಗೆ ಹತ್ತಿರವಾದಂತೆ ತೊಂದರೆ ಶುರುವಾಯಿತು. ಕೆಲಸ ನಡೆಯುತ್ತಿರುವಾಗಲೇ ಪರದೆಯೆಲ್ಲ ನೀಲಿಯಾಗಿ, ಬಿಳಿ ಅಕ್ಷರದಲ್ಲಿ ನಾಲ್ಕಾರು ಇಂಗ್ಲಿಷ್ ಸಾಲು ಮೂಡಿ, ಕಂಪ್ಯೂಟರ್ ನಿಂತುಬಿಡುತ್ತಿತ್ತು. ಸೇವ್ ಮಾಡದ ಪುಟಗಳು ಹೋದಂತೆಯೇ. ಪರಶುರಾಮ್ ಬಂದು ವಿಂಡೋಸ್ ಹೊಸದಾಗಿ ಹಾಕಿಹೋದ. ಎಂಟು ದಿನಕ್ಕೆ ಮತ್ತೆ ನೀಲಿ. ಬಂದು ಧೂಳು ಒರೆಸಿ ವೈರಸ್ ಹುಡುಕಿದ. ಮತ್ತೆ ನೀಲಿ. ಮೂರನೆಯ ಸಲ ಬಂದಾಗ ಕಸ್ತೂರಮ್ಮ ಪಕ್ಕದಲ್ಲೇ ನಿಂತಿದ್ದರು.

“ಏನಪ್ಪಾ ಪರಶುರಾಮ, ಹೊಸಾ ಮಷಿನ್ನು ಹಿಂಗ್ಯಾಕ ಮಾಡ್ತೈತೆ?”

ವಾಣಿ ಒಂದು ನೋಟುಬುಕ್ ಹಿಡಿದು ಮುಂದೆ ಬಂದಳು. “ಅಣ್ಣಾರೆ, ಅದು ಬಂದಾಗೆಲ್ಲ ನಾನು ಬರ್ದಿಟ್ಟೀನಿ. ಒಂದ್ಸಲ ನೋಡ್ರಿ.”

ಅವನು ಕೈ ಚಾಚಲಿಲ್ಲ. ಬಾಯಿಗೆ ಬಂದದ್ದನ್ನು ಹೇಳಿಬಿಟ್ಟ. “ಮಷಿನ್ ಸರಿ ಐತ್ರಿ ಅಮ್ಮಾರೆ. ಬಳಸೋರು ಯಾವ್ದೋ ಕೀ ಒತ್ತಿಬಿಡ್ತಾರೆ, ಸರಿಯಾಗಿ ಬಂದ್ ಮಾಡಂಗಿಲ್ಲ. ಅದಕ್ಕ ಹಿಂಗೆ.”

ಅದು ಸುಳ್ಳೆಂದು ಅವನಿಗೆ ಖಚಿತವಿರಲಿಲ್ಲ. ನಿಜವೆಂದೂ ಖಚಿತವಿರಲಿಲ್ಲ.

“ಇನ್ನ ಮುಟ್ಟಬ್ಯಾಡ ಬಿಡವ್ವ,” ಎಂದರು ಕಸ್ತೂರಮ್ಮ ಸೊಸೆಗೆ. ಮರುದಿನ ಕಂಪ್ಯೂಟರಿನ ಮೇಲೆ ಹೊದಿಕೆ ಬಿತ್ತು. ಅರವತ್ತು ಪುಟ ಮುಗಿದಿದ್ದ ಪುಸ್ತಕದ ಹಸ್ತಪ್ರತಿ ಪ್ರೆಸ್ಸಿಗೆ ವಾಪಸಾಯಿತು.

ಎರಡು ತಿಂಗಳ ನಂತರ ಪರಶುರಾಮನ ಅಂಗಡಿಗೇ, ಅವನೇ ಜೋಡಿಸಿದ್ದ ಇನ್ನೊಂದು ಕಂಪ್ಯೂಟರ್ ರಿಪೇರಿಗೆ ಬಂತು. ಅದೇ ನೀಲಿ ಪರದೆ. ಈ ಸಲ ಒಂದೊಂದೇ ಭಾಗ ಬದಲಿಸಿ ನೋಡಿದ. ಕೊನೆಗೆ ರ‍್ಯಾಮ್ ಎಂಬ ಮೆಮೊರಿ ಪಟ್ಟಿ ಬದಲಿಸಿದಾಗ ದಿನವಿಡೀ ಓಡಿತು. ತೆಗೆದ ರ‍್ಯಾಮ್ ತಿರುಗಿಸಿ ಮೇಲಿನ ಚೀಟಿ ನೋಡಿದ. ಹರಿಹರದ ಕಂಪ್ಯೂಟರಿಗೆ ಹಾಕಿದ್ದೂ ಅದರ ಜೊತೆಗೇ, ಒಂದೇ ಕಂತಿನಲ್ಲಿ ತರಿಸಿದ್ದು. ವಾಣಿ ಚಾಚಿದ ನೋಟುಬುಕ್ ಕಣ್ಣ ಮುಂದೆ ಬಂತು.

ಮೂರು ದಿನ ತಳ್ಳಿದ. ನಾಲ್ಕನೆಯ ದಿನ ಹೊಸ ರ‍್ಯಾಮ್ ಕಟ್ಟಿಕೊಂಡು ಹರಿಹರದ ಬಸ್ ಹತ್ತಿದ. ‘ಸರ್ವೀಸ್ ಮಾಡಾಕ ಬಂದೆ’ ಎಂದು ಬದಲಿಸಿ ಎದ್ದುಬಂದರೆ ಯಾರಿಗೂ ತಿಳಿಯುವುದಿಲ್ಲ. ಬಸ್ಸಿನಲ್ಲಿ ಕೂತು ಆ ಮಾತನ್ನೇ ಬಾಯಿಪಾಠ ಮಾಡಿಕೊಂಡ. ಕಸ್ತೂರಮ್ಮ ಬಾಗಿಲು ತೆಗೆದಾಗ ಹೇಳಿದ್ದೂ ಅದನ್ನೇ.

ರ‍್ಯಾಮ್ ಬದಲಿಸಿ ಮುಗಿಸಿದ. ವಾಣಿ ನೀರು ತಂದಿಟ್ಟಳು. ಎದ್ದು ಹೊರಡಬಹುದಿತ್ತು.

“ಆ ನೋಟ್‌ಬುಕ್ ಐತೇನ್ರಿ?” ಎಂದ.

ಅವಳು ಒಳಗಿನಿಂದ ತಂದುಕೊಟ್ಟಳು. ಇಪ್ಪತ್ತಮೂರು ಸಲದ್ದು ಇತ್ತು. ತಾರೀಖು, ಗಂಟೆ, ಪರದೆಯ ಸಾಲುಗಳು, ಎಲ್ಲ ಗುಂಡಗಿನ ಅಕ್ಷರದಲ್ಲಿ. ಒಂದೊಂದು ಸಲಕ್ಕೂ ಬೇರೆ ಫೈಲಿನ ಹೆಸರು, ಬೇರೆ ಅಂಕಿ. ಒಂದೇ ಪ್ರೋಗ್ರಾಮಿನ ದೋಷವಾದರೆ ಸಾಮಾನ್ಯವಾಗಿ ಅದದೇ ಸಾಲು ಮರಳುತ್ತದೆ. ಹೀಗೆ ಚದುರಿಕೊಂಡು ಬಂದರೆ ಮೊದಲು ಅನುಮಾನಿಸಬೇಕಾದ್ದು ರ‍್ಯಾಮನ್ನು. ನೋಡಿದ್ದರೆ ಅವತ್ತೇ ಹೊಳೆಯುತ್ತಿತ್ತು. ಒಂದು ಕಡೆ ಹೀಗಿತ್ತು: ‘ಮಧ್ಯಾಹ್ನ 3.10. ಕೀ ಮುಟ್ಟಿರಲಿಲ್ಲ. ಹಾಲು ಇಳಿಸಲು ಹೋಗಿದ್ದೆ.’

ಪರಶುರಾಮ್ ನೋಟುಬುಕ್ ಮುಚ್ಚಿ ಕಸ್ತೂರಮ್ಮನ ಕಡೆ ತಿರುಗಿದ.

“ಅಮ್ಮಾರೆ, ಇವರದೇನೂ ತಪ್ಪಿಲ್ರಿ. ನಾನು ಹಾಕಿದ್ದ ಸಾಮಾನೇ ಕೆಟ್ಟಿತ್ತು. ಅವತ್ತು ನನಗ ಗೊತ್ತಾಗ್ಲಿಲ್ಲ. ಹಂಗಂತ ಹೇಳಾಕ ನಾಚಿಕೆ ಪಟ್ಟು ಇವರ ಮ್ಯಾಲೆ ಹಾಕಿದೆ.”

ಕಸ್ತೂರಮ್ಮ ಸೊಸೆಯ ಮುಖ ನೋಡದೆ, “ನಾವಾದ್ರೂ ಅಕಿನ್ನ ಒಂದು ಮಾತು ಕೇಳ್ಬೇಕಿತ್ತು,” ಎಂದು ಒಳಗೆ ಹೋದರು.

“ಪುಸ್ತಕ ಬ್ಯಾರೆಯೋರು ಮುಗಿಸಿದ್ರಂತೆ ಅಣ್ಣಾರೆ,” ಎಂದಳು ವಾಣಿ. “ನನಗ ಮಷಿನ್ ಮುಟ್ಟಾಕ ಬರಂಗಿಲ್ಲ ಅಂತ ಪ್ರೆಸ್ಸಿಗೂ ಸುದ್ದಿ ಹೋಗೈತೆ.”

“ನಾನೇ ಹೋಗಿ ಹೇಳ್ತೀನ್ರಿ.”

“ಬ್ಯಾಡ್ರಿ. ನಾನೇ ಹೋಗ್ತೀನಿ.”

ಹೋದಳು. ಪ್ರೆಸ್ಸಿನವರು ಮೊದಲು ಬರೀ ಕರಪತ್ರ ಕೊಟ್ಟರು. ದಸರೆಯ ಹೊತ್ತಿಗೆ ಇನ್ನೊಂದು ಪುಸ್ತಕ ಸಿಕ್ಕಿತು. ಕಂಪ್ಯೂಟರ್ ಮತ್ತೆ ನಿಲ್ಲಲಿಲ್ಲ. ಪರಶುರಾಮ್ ಯಾರ ಮನೆಗೆ ರಿಪೇರಿಗೆ ಹೋದರೂ ಮೊದಲು ಕೂತು, “ನೀವು ಏನೇನು ನೋಡಿದ್ರಿ, ಹೇಳ್ರಿ,” ಎಂದು ಕೇಳಿ ಬರೆದುಕೊಳ್ಳತೊಡಗಿದ.

ಒಮ್ಮೆ ಬಸ್ ಸ್ಟ್ಯಾಂಡಿನಲ್ಲಿ ವಾಣಿ ಎದುರಾದಳು.

“ಮಷಿನ್ ಹೆಂಗೈತ್ರಿ?”

“ಚೆನ್ನಾಗೈತ್ರಿ.”

ನನ್ನ ಮೇಲಿನ ಸಿಟ್ಟು ಹೋಯಿತೇ ಎಂದು ಅವನಿಗೆ ಕೇಳಬೇಕೆನಿಸಿತು. ಕೇಳಲಿಲ್ಲ. ಹರಿಹರದ ಬಸ್ ಬಂತು, ಅವಳು ಹತ್ತಿ ಹೋದಳು.