ಎಡಗೈ ಸ್ವಿಚ್ಚು

ನಮ್ಮ ಯಜಮಾನರು ಇದ್ದ ಕೊನೆಯ ಭಾನುವಾರ, ಊಟ ಮುಗಿಸಿ, ಔಷಧಿ ಹೊಡೆಯುವ ಬ್ಯಾಟರಿ ಪಂಪು ಬಿಚ್ಚಿಕೊಂಡು ಜಗಲಿಯ ಮೇಲೆ ಕೂತಿದ್ದರು. ಬೆನ್ನಿಗೆ ಹಾಕಿಕೊಳ್ಳುವ ಪಂಪು ಅದು. ಡಬ್ಬದ ಬುಡದಲ್ಲಿದ್ದ ಸ್ವಿಚ್ಚು ಮುರಿದಿತ್ತು. ಬೇಗೂರಿನ ಅಂಗಡಿಯಲ್ಲಿ ಅಂಥದ್ದು ಸಿಕ್ಕಿರಲಿಲ್ಲ. ನಮ್ಮ ಅಟ್ಟದಲ್ಲಿ ಬೈಕಿನ ಹಳೆಯ ಹ್ಯಾಂಡಲ್ ಸ್ವಿಚ್ಚು ಇತ್ತು. ಇಂಡಿಕೇಟರ್ ಕೆಟ್ಟಿತೆಂದು ಬೈಕಿಗೆ ಹೊಸದು ಹಾಕಿಸಿ, ಇದನ್ನು ಎತ್ತಿಟ್ಟಿದ್ದರು. ಹಾರನ್ ಗುಂಡಿ, ಹೆಡ್‌ಲೈಟಿನ ಬೆಳಕನ್ನು ಮೇಲೆ ಕೆಳಗೆ ಮಾಡುವ ಡಿಪ್ಪರ್ ಎರಡೂ ಚೆನ್ನಾಗಿದ್ದವು. ಬೈಕೂ ಹನ್ನೆರಡು ವೋಲ್ಟು, ಪಂಪೂ ಹನ್ನೆರಡು ವೋಲ್ಟು. ಸೈಕಲ್ ಟ್ಯೂಬಿನ ಪಟ್ಟಿ ಸುತ್ತಿ, ಅದನ್ನು ಔಷಧಿ ಚಿಮ್ಮುವ ಕೋಲಿನ ಹಿಡಿಗೆ ಬಿಗಿದರು.

ಆ ಸ್ವಿಚ್ಚು ಎಡಗೈ ಕಡೆಯದು. ನಾನು ಎಡಚಿ. ಮದುವೆಯಾಗಿ ಬಂದ ಹೊಸದರಲ್ಲಿ ಎಡಗೈಯಲ್ಲಿ ಬಡಿಸಲು ಹೋಗಿ ಪಂಕ್ತಿಯ ಮುಂದೆಯೇ ಬೈಸಿಕೊಂಡಿದ್ದೆ. ಅವರು ಮಾತ್ರ ಯಾವತ್ತೂ ಏನೂ ಅಂದಿರಲಿಲ್ಲ.

"ಈ ಮನೇಲಿ ನಿನ್ ಕೈಗೆ ಅಂತ ಮಾಡಿರದು ಇದೊಂದೇ ಕಣಮ್ಮಿ. ಒತ್ನೋಡು" ಅಂದರು.

ಒತ್ತಿದೆ. ಮೋಟರ್ ಗುಂಯ್ ಎಂದಿತು. ಬೆರಳು ತೆಗೆದರೆ ನಿಂತುಹೋಯಿತು. ವೈರುಗಳನ್ನು ಹಾರನ್ ಗುಂಡಿಗೆ ಕೊಟ್ಟು, ಸೇರಿಸಿದ ಕಡೆ ಟೇಪು ಸುತ್ತಿದ್ದರು.

"ಇದೇನು, ದಾರಿ ಬುಡಿ ಅಂತ ಹುಳಕ್ಕೆ ಆರನ್ ಹೊಡ್ಕಂಡು ಓಗ್ಬೇಕಾ? ಹೊಲ ಪೂರ್ತಿ ಒತ್ಕಂಡೇ ಇದ್ರೆ ನನ್ ಹೆಬ್ಬೆಟ್ಟು ಏನಾಗ್ಬೇಕು?"

ಜೋರಾಗಿ ನಕ್ಕರು. "ಆಯ್ತು ಬುಡು, ನಾಳೆ ಡಿಪ್ಪರ್‌ಗೆ ಆಕ್ಕೊಡ್ತೀನಿ. ಮೇಲಕ್ಕೆ ತಳ್ಬುಟ್ರೆ ಅಲ್ಲೇ ನಿಂತ್ಕತದೆ."

ಮರುದಿನ ಬೆಳಿಗ್ಗೆ ಗೊಬ್ಬರ ತರಲು ಬೇಗೂರಿಗೆ ಹೋದವರು ಟೀ ಅಂಗಡಿಯ ಮುಂದೆ ಎದೆ ಹಿಡಿದುಕೊಂಡು ಕೂತರಂತೆ. ಆಸ್ಪತ್ರೆ ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಕಾರ್ಯವೆಲ್ಲ ಮುಗಿಯುವ ಹೊತ್ತಿಗೆ ಹೊಲದಲ್ಲಿ ಚೆಂಡುಹೂವಿನ ಮೊಗ್ಗಿಗೆ ಹುಳ ಬಿದ್ದಿತ್ತು. ಔಷಧಿ ಹೊಡೆಯದಿದ್ದರೆ ಬೆಳೆ ಕೈಬಿಟ್ಟು ಹೋಗುತ್ತಿತ್ತು. ಎರಡು ದಿನ ಹಾರನ್ ಗುಂಡಿಯನ್ನೇ ಒತ್ತಿ ಹೊಡೆದೆ. ಹೆಬ್ಬೆರಳು ಊದಿ ಸೊಪ್ಪು ಬಿಡಿಸಲೂ ಆಗಲಿಲ್ಲ. ಅದನ್ನು ನೋಡಿ ಮೈದುನನಿಗೆ ಸಂಕಟವಾಯಿತು.

"ಅತ್ಗೆ, ಇದ್ನ ಕಿತ್ತಾಕ್ಬುಡನ. ನೀವು ಮನೇಲಿರಿ, ನಾನೇ ಬಂದು ಹೊಡ್ಕೊಡ್ತೀನಿ."

"ಇವತ್ತು ನೀನು ಹೊಡಿತೀಯ, ಮುಂದಿನ್ ವಾರಕ್ಕೆ ಯಾರು? ನನ್ ಹೊಲ ನಾನೇ ನೋಡ್ಕತೀನಿ. ಡಿಪ್ಪರ್‌ಗೆ ಆಕ್ಕೊಡು, ಅಷ್ಟೇಯ."

"ಅಂಗಾದ್ರೆ ಅಣ್ಣ ಸುತ್ತಿರ ಟೇಪು ಬಿಚ್ಬೇಕು."

ಟೇಪಿನ ತುದಿಯಲ್ಲಿ ಅವರ ಹಲ್ಲಿನ ಗುರುತಿತ್ತು. ಕತ್ತರಿ ಪಕ್ಕದಲ್ಲಿದ್ದರೂ ಅವರು ಹಲ್ಲಿನಲ್ಲೇ ಕಡಿಯುತ್ತಿದ್ದರು. ಮೈದುನ ಕೈ ಹಾಕದೆ ಕಾಯುತ್ತ ಕೂತ. ಕೊನೆಗೆ ನಾನೇ ಉಗುರಿನಲ್ಲಿ ಎಬ್ಬಿಸಿ ಬಿಚ್ಚಿದೆ.

ಡಿಪ್ಪರಿನಿಂದ ಮೂರು ವೈರು ಬರುತ್ತಿದ್ದವು. ಯಾವುದಕ್ಕೆ ಯಾವುದೆಂದು ಇಬ್ಬರಿಗೂ ತಿಳಿಯದು. ಎರಡೆರಡನ್ನು ಆರಿಸಿ ಪಂಪಿಗೆ ಕೊಟ್ಟು ನೋಡಿದೆವು. ಎರಡನೆಯ ಸಲಕ್ಕೆ ಸರಿಹೋಯಿತು. ಮೇಲೆ ತಳ್ಳಿದರೆ ಮೋಟರ್ ಓಡಿತು, ಕೆಳಗೆ ಎಳೆದರೆ ನಿಂತಿತು.

ಆ ಸಲದ ಹೂವು ಉಳಿಯಿತು. ಈಗಲೂ ನಾನೇ ಹೊಡೆಯುತ್ತೇನೆ. ತುಂಬಿದ ಡಬ್ಬವನ್ನು ತೊಟ್ಟಿಯ ಕಟ್ಟೆಯ ಮೇಲಿಟ್ಟು, ಕೆಳಗೆ ಕುಕ್ಕರಗಾಲಲ್ಲಿ ಕೂತು, ಪಟ್ಟಿಗಳಿಗೆ ತೋಳು ತೂರಿಸಿ ಮೆಲ್ಲಗೆ ಏಳುತ್ತೇನೆ. ಮೊದಲು ಅವರು ಹಿಂದಿನಿಂದ ಎತ್ತಿಕೊಡುತ್ತಿದ್ದರು. ಈಗ ಎತ್ತಿಕೊಡುವವರಿಲ್ಲ.