ಸಂಬಳ ಜೋರಾಗಿ ಕೇಳುತ್ತಿದ್ದ ವಿಶಾಲಾಕ್ಷಿ ಮೇಡಂ

ದಾವಣಗೆರೆಯಿಂದ ಹರಿಹರಕ್ಕೆ ಹೋಗುವ ಸಂಜೆಯ ಬಸ್ಸಿನಲ್ಲಿ ಯಾರ ಸಂಬಳವೂ ಗುಟ್ಟಾಗಿ ಉಳಿಯುತ್ತಿರಲಿಲ್ಲ. ಅದಕ್ಕೆ ಕಾರಣ ನಮ್ಮ ಬಾಟನಿ ಲೆಕ್ಚರರ್ ವಿಶಾಲಾಕ್ಷಿ ಮೇಡಂ. ಬಸ್ಸು ಹತ್ತಿದ ಕೂಡಲೇ ಹಿಂದೆ ಮುಂದೆ ಕಣ್ಣಾಡಿಸಿ, ಕಾಲೇಜಿನ ಹಳೆಯ ವಿದ್ಯಾರ್ಥಿ ಯಾರಾದರೂ ಕಂಡರೆ ತಮ್ಮ ಸೀಟಿನಿಂದಲೇ ವಿಚಾರಣೆ ಶುರು ಮಾಡುತ್ತಿದ್ದರು. ಏನು ಓದಿದ್ದೆ, ಈಗ ಏನು ಮಾಡ್ತಿದ್ದೀಯ, ಎಷ್ಟು ಕೊಡ್ತಾರೆ. ಪ್ರಶ್ನೆಗಳು ಈ ಕ್ರಮದಲ್ಲೇ ಬರುತ್ತಿದ್ದವು. ಬಿ.ಕಾಂ. ಮುಗಿಸಿ ಹಾಲಿನ ಗಾಡಿ ಓಡಿಸುತ್ತಿದ್ದ ಹುಡುಗನೊಬ್ಬ ಒಮ್ಮೆ ನಾಚಿಕೊಂಡು, ಬಗ್ಗಿ ಅವರ ಕಿವಿಯಲ್ಲಿ ಹೇಳಲು ಹೋದ. "ಜೋರಾಗಿ ಹೇಳಪ್ಪ, ಕದ್ದಿದ್ದಲ್ಲ" ಎಂದರು ಮೇಡಂ. ಅವನು ಜೋರಾಗಿಯೇ ಹೇಳಿದ. ಕಂಡಕ್ಟರ್ ತಿರುಗಿ ನೋಡಿ, ನನಗಿಂತ ನೀನೇ ವಾಸಿ ಕಣಯ್ಯ ಎಂದ. ಹುಡುಗ ಹರಿಹರ ಬರುವವರೆಗೂ ನಗುತ್ತಲೇ ನಿಂತಿದ್ದ.

ಮೇಡಂ ಹುಟ್ಟಿದ್ದು ಸಾರಥಿ ಎಂಬ ಹಳ್ಳಿಯಲ್ಲಿ. ಹರಿಹರದಲ್ಲಿ ಮನೆ ಮಾಡಿಕೊಂಡು ದಿನಾ ದಾವಣಗೆರೆಯ ನಮ್ಮ ಕಾಲೇಜಿಗೆ ಓಡಾಡುತ್ತಿದ್ದರು. ಕುಳ್ಳಗೆ, ದುಂಡಗೆ, ಸದಾ ಬೆವರೊರೆಸಿಕೊಳ್ಳುತ್ತಾ ಇರುವ ಹೆಂಗಸು. ಬೇರೆ ಮೇಡಂಗಳ ವ್ಯಾನಿಟಿ ಬ್ಯಾಗಿನಲ್ಲಿ ಕನ್ನಡಿ, ಬಾಚಣಿಗೆ ಇದ್ದರೆ ಇವರ ಬ್ಯಾಗಿನಲ್ಲಿ ಒದ್ದೆ ಬಟ್ಟೆಯ ಗಂಟೊಂದರಲ್ಲಿ ಹೆಸರೋ, ಅಲಸಂದೆಯೋ, ಜೋಳವೋ ಮೊಳಕೆ ಒಡೆಯುತ್ತಿರುತ್ತಿತ್ತು. ಪಾಠದ ನಡುವೆ ಗಂಟು ಬಿಚ್ಚಿ ನಮ್ಮ ಕೈಗೆ ಕೊಡುವರು. ಬೇರು ಮೊದಲು ಬರ್ತದೋ ಎಲೆ ಮೊದಲು ಬರ್ತದೋ, ನೋಡಿ ಹೇಳ್ರಿ ಎನ್ನುವರು. ನಾವು ಪುಸ್ತಕ ತೆಗೆಯಲು ಹೋದರೆ ಕಿತ್ತಿಡುವರು.

ನಾನು ಅವರ ಕೈಗೆ ಸಿಕ್ಕಿದ ಕಥೆಯನ್ನು ನಮ್ಮಪ್ಪ ಇವತ್ತಿಗೂ ಮನೆಗೆ ಬಂದವರಿಗೆಲ್ಲ ಹೇಳುತ್ತಾರೆ. ನಮ್ಮದು ದಾವಣಗೆರೆಯ ಆನೆಕೊಂಡದಲ್ಲಿ ಮನೆ, ಅಲ್ಲಿಂದ ಸ್ವಲ್ಪ ದೂರದಲ್ಲಿ ಅಪ್ಪನ ಮಂಡಕ್ಕಿ ಭಟ್ಟಿ. ಪಿಯುಸಿ ಆದಮೇಲೆ ನನ್ನನ್ನು ಬಿಸಿಎಗೆ ಹಾಕಬೇಕೆಂದು ಅಪ್ಪ ಕಾಲೇಜಿಗೆ ಕರೆದುಕೊಂಡು ಹೋದರು. ಬಿಸಿಎ ಟೇಬಲ್ಲಿನ ಮುಂದಿನ ಸಾಲು ಕಾರಿಡಾರ್ ದಾಟಿ ಮೆಟ್ಟಿಲು ಹತ್ತಿತ್ತು. ಬಾಟನಿ ಟೇಬಲ್ಲಿನ ಮುಂದೆ ಒಂದು ನರಪಿಳ್ಳೆಯೂ ಇರಲಿಲ್ಲ. ಮೇಡಂ ಒಬ್ಬರೇ ಕೂತು ಶೇಂಗಾ ತಿನ್ನುತ್ತಿದ್ದರು. ಸಾಲಿನ ಕೊನೆ ಯಾವ ಕಡೆ ಎಂದು ಅಪ್ಪ ಅವರನ್ನು ಕೇಳಿದ್ದೇ ತಪ್ಪಾಯಿತು.

ಬರ್ರಿ ಯಜಮಾನ್ರೇ, ಕೂಡ್ರಿ, ಏನು ಉದ್ಯೋಗ ಎಂದರು. ಮಂಡಕ್ಕಿ ಭಟ್ಟಿ ಎಂದರು ಅಪ್ಪ. ಮುಗಿಯಿತು. ಯಾವ ಭತ್ತ ತರ್ತೀರಿ, ಎಷ್ಟು ಹೊತ್ತು ನೆನೆ ಹಾಕ್ತೀರಿ, ಮಳೆಗಾಲದಲ್ಲಿ ಮಂಡಕ್ಕಿ ಯಾಕ ಸರಿಯಾಗಿ ಅರಳಲ್ಲ ಎಂದು ಶುರು ಮಾಡಿದರು. ಅಪ್ಪನನ್ನು ಅಷ್ಟು ಗೌರವವಾಗಿ ಅವರ ಕಸುಬಿನ ಬಗ್ಗೆ ಕೇಳಿದ ಓದಿದವರು ಅದುವರೆಗೆ ಯಾರೂ ಇರಲಿಲ್ಲ. ಅಪ್ಪ ಕಾಲು ಚಾಚಿ ಕೂತು, ಅವರದೇ ಶೇಂಗಾ ತಿನ್ನುತ್ತಾ ಮಾತಾಡಿದರು. ಎದ್ದು ನೋಡುವ ಹೊತ್ತಿಗೆ ಬಿಸಿಎ ಸೀಟುಗಳು ಮುಗಿದಿದ್ದವು. ಅಪ್ಪನ ಮುಖ ಇಳಿದು ಹೋಯಿತು. ಬಾಟನಿ ಓದಿದರೆ ಮೊದಲ ಕೆಲಸಕ್ಕೆ ಎಷ್ಟು ಸಂಬಳ ಬರುತ್ತದೆ ಎಂದು ಹತಾಶರಾಗಿ ಕೇಳಿದರು.

"ಕಡಿಮೆನೇ ರಿ, ಸುಳ್ಳು ಯಾಕ ಹೇಳ್ಲಿ" ಎಂದರು ಮೇಡಂ. "ಕಂಪ್ಯೂಟರ್ ಓದಿದೋರಿಗೆ ಮೊದ್ಲು ಜಾಸ್ತಿ ಸಿಗ್ತದೆ. ಆದ್ರೆ ಓದಿದೋರಿಗೆಲ್ಲ ಕಂಪ್ಯೂಟರ್ ಕೆಲಸ ಸಿಗ್ತದೆ ಅಂತ ತಿಳ್ಕಬ್ಯಾಡ್ರಿ. ಇವಳಿಗೆ ಓದಿದ್ದಕ್ಕೆ ತಕ್ಕ ಕೆಲಸ ಹುಡುಕೋದು ನನ್ನ ಜವಾಬ್ದಾರಿ."

ಅಪ್ಪ ಅರ್ಧ ಮನಸ್ಸಿನಿಂದ ಒಪ್ಪಿದರು. ಮನೆಗೆ ಬಂದು, ಆ ಯಮ್ಮ ಮಾತಾಡಿ ಮಾತಾಡಿ ನನ್ನ ಸಾಲು ತಪ್ಪಿಸಿಬಿಟ್ಲು ಎಂದು ಅವ್ವನ ಮುಂದೆ ಗೋಳಾಡಿದರು. ನಮ್ಮ ಚಿಕ್ಕಪ್ಪನ ಮಗಳು ರೂಪಾ ಅದೇ ವರ್ಷ ಬಿ.ಕಾಂ. ಸೇರಿದಳು. ಅಲ್ಲಿಂದ ನಮ್ಮಿಬ್ಬರನ್ನೂ ತಕ್ಕಡಿಯಲ್ಲಿಟ್ಟು ತೂಗುವ ಕೆಲಸ ಮನೆತನದಲ್ಲಿ ಶುರುವಾಯಿತು. ಮದುವೆ, ಗೃಹಪ್ರವೇಶ ಎಲ್ಲಿ ಹೋದರೂ, ಬಾಟನಿ ಅಂದ್ರೆ ಗಿಡ ಮರ ಅಲ್ವೇನಮ್ಮ, ಅದಕ್ಕೆ ಕಾಲೇಜು ಯಾಕ ಬೇಕು ಎಂದು ಯಾರಾದರೊಬ್ಬರು ಕೇಳಿಯೇ ಕೇಳುವರು. ನಾನು ಇನ್ನೊಂದು ಲೋಟ ಪಾಯಸ ಹಾಕಿಸಿಕೊಳ್ಳುತ್ತಿದ್ದೆ.

ಮೇಡಂ ಕೊಟ್ಟ ಮಾತು ಮರೆತಿರಲಿಲ್ಲ. ಕೊನೆಯ ವರ್ಷದಲ್ಲಿ ಶನಿವಾರ ಮಧ್ಯಾಹ್ನ ಕ್ಲಾಸು ಮುಗಿದ ಮೇಲೆ ನಮ್ಮ ಗುಂಪನ್ನು ಹೊರಡಿಸಿಕೊಂಡು ಊರು ಸುತ್ತುತ್ತಿದ್ದರು. ನರ್ಸರಿ, ಎಣ್ಣೆ ಮಿಲ್ಲು, ಔಷಧಿ ಅಂಗಡಿ, ಹರಿಹರದ ಕಡೆಯ ಬೀಜದ ಗೋದಾಮು, ಯಾವುದನ್ನೂ ಬಿಡಲಿಲ್ಲ. ಮುಂಚೆ ಫೋನು ಮಾಡುವುದು, ಅಪ್ಪಣೆ ಕೇಳುವುದು ಅವರಿಗೆ ಗೊತ್ತೇ ಇರಲಿಲ್ಲ. ನೇರ ಗೇಟಿಗೆ ಹೋಗಿ, ಬಾಟನಿ ಓದಿದೋರಿಗೆ ನಿಮ್ಮಲ್ಲಿ ಏನು ಕೆಲಸ ಐತ್ರಿ, ಎಷ್ಟು ಕೊಡ್ತೀರಿ ಎಂದು ಬದನೆಕಾಯಿ ಚೌಕಾಸಿ ಮಾಡಿದ ಹಾಗೆ ಕೇಳುವರು. ನಮಗೆ ನಾಚಿಕೆಯಿಂದ ನೆಲ ಬಿರಿದು ಒಳಗೆ ಹೋಗೋಣ ಅನಿಸುತ್ತಿತ್ತು. ಎಷ್ಟೋ ಕಡೆ ಏನೂ ಇಲ್ಲ ಎಂದು ಕಳಿಸಿದರು. ಒಂದು ಕಡೆ ವಾಚ್‌ಮನ್ ಒಳಗೇ ಬಿಡಲಿಲ್ಲ. ಮೇಡಂ ಅವನನ್ನೇ ಹಿಡಿದು, ನೀನು ಏನು ಓದಿದ್ದೀಯಪ್ಪ ಎಂದು ಕೇಳಿದರು. ಅವನು ಎಂ.ಎ. ಓದಿದ್ದ. ಮೇಡಂ ಅವನ ಕೈಗೆ ಒಂದು ಹಿಡಿ ಶೇಂಗಾ ಕೊಟ್ಟು ಬಸ್ ಸ್ಟಾಪಿನ ಕಡೆ ನಡೆದರು.

ಆವತ್ತು ವಾಪಸ್ ಬರುವಾಗ ತಮ್ಮ ಕಥೆ ಹೇಳಿದರು. ಎಂ.ಎಸ್ಸಿ. ಮುಗಿಸಿದ ಮೇಲೆ ಅವರು ಮಾಡಿದ ಮೊದಲ ಕೆಲಸ ಜವಳಿ ಅಂಗಡಿಯಲ್ಲಿ ಸೀರೆ ಮಡಚುವುದು. ಗಿರಾಕಿಗಳು ಬೇಡವೆಂದು ಬಿಸಾಕಿದ ಸೀರೆಗಳನ್ನು ಮಡಚಿ ಮಡಚಿ ಇಡುತ್ತಾ, ಸೆರಗಿನ ಮೇಲೆ ನೇಯ್ದ ಎಲೆ ಯಾವ ಗಿಡದ್ದೆಂದು ಮನಸ್ಸಿನಲ್ಲೇ ಹೇಳಿಕೊಳ್ಳುತ್ತಿದ್ದರಂತೆ. ಇಲ್ಲದಿದ್ದರೆ ಓದಿದ್ದು ಮರೆತು ಹೋಗುತ್ತದೆಂಬ ಭಯವಿತ್ತಂತೆ. ನಗುತ್ತಲೇ ಹೇಳಿದರು. ನಮಗೆ ನಗು ಬರಲಿಲ್ಲ.

ಡಿಗ್ರಿ ಮುಗಿಯಿತು. ರೂಪಾಗೆ ಗಾಡಿ ಸಾಲ ಕೊಡುವ ಕಂಪನಿಯೊಂದರಲ್ಲಿ ತಕ್ಷಣ ಕೆಲಸ ಸಿಕ್ಕಿತು. ಅವಳು ಸ್ಕೂಟಿ ತೆಗೆದುಕೊಂಡಳು. ನಾನು ಭಟ್ಟಿಯಲ್ಲಿ ಮಂಡಕ್ಕಿ ಚೀಲ ಹೊಲಿಸುತ್ತಾ ನಿಂತೆ. ಅಷ್ಟರಲ್ಲಿ ಕೊಕ್ಕನೂರಿನ ಕಡೆಯಿಂದ ಒಂದು ಸಂಬಂಧ ಬಂತು. ಹುಡುಗ ಒಳ್ಳೆಯವನೇ ಇರಬಹುದು, ನಾನು ನೋಡಿದವಳಲ್ಲ. ನನಗೆ ಅಷ್ಟು ಬೇಗ ಮದುವೆ ಬೇಡವಾಗಿತ್ತು. ಅಪ್ಪ ಬೈಯಲಿಲ್ಲ, ಹೊಡೆಯಲಿಲ್ಲ. ದೀಪಾವಳಿವರೆಗೆ ನೋಡೋಣ, ಅಷ್ಟರಲ್ಲಿ ನಿನ್ನ ಓದಿಗೆ ಕೆಲಸ ಸಿಕ್ಕರೆ ಸರಿ, ಇಲ್ಲದಿದ್ದರೆ ಅವರಿಗೆ ಹೂಂ ಅನ್ನುತ್ತೇನೆ ಎಂದರು. ಅವರು ಮೆತ್ತಗೆ ಹೇಳಿದ್ದಕ್ಕೇ ನನಗೆ ಹೆಚ್ಚು ಹೆದರಿಕೆಯಾಯಿತು.

ದೀಪಾವಳಿ ಇನ್ನೇನು ಬಂತು ಎನ್ನುವಾಗ ಮೇಡಂ ಫೋನು ಮಾಡಿದರು. ಶನಿವಾರದ ತಿರುಗಾಟದಲ್ಲಿ ನೋಡಿದ್ದ ಬೀಜದ ಗೋದಾಮಿನ ಕಂಪನಿಯಲ್ಲಿ, ಬೀಜ ಪರೀಕ್ಷೆ ಮಾಡುವ ಲ್ಯಾಬಿಗೆ ಒಬ್ಬರು ಬೇಕಂತೆ. ಸಂಬಳ ರೂಪಾಳ ಸಂಬಳಕ್ಕಿಂತ ಕಡಿಮೆ. ಆದರೆ ಬಾಟನಿ ಓದಿದವರೇ ಆಗಬೇಕಂತೆ. ನಾನು ಅವ್ವನ ಒಳ್ಳೆಯ ಸೀರೆ ಉಟ್ಟು ಹೊರಟೆ.

ಮ್ಯಾನೇಜರ್ ನಡುವಯಸ್ಸಿನವರು, ಮಾತು ಕಡಿಮೆ. ನನ್ನ ಮುಂದೆ ಒಂದು ತಟ್ಟೆ ಭತ್ತದ ಬೀಜ ಇಟ್ಟು, ಬೇರೆ ತಳಿಯ ಕಾಳು, ಜೊಳ್ಳು, ಮುರಿದದ್ದು, ಕಳೆ ಬೀಜ, ಎಲ್ಲ ಬೇರೆ ಮಾಡಿ ಎಂದರು. ಮಾಡಿದೆ. ಆಮೇಲೆ, ಈ ಬೀಜ ಒಣಗಿದೆಯೋ ಇಲ್ಲವೋ ಹೇಗೆ ತಿಳಿದುಕೊಳ್ಳುತ್ತೀರಿ ಎಂದು ಕೇಳಿದರು. ತೇವ ನೋಡುವ ಯಂತ್ರ ಅವರ ಮೇಜಿನ ಮೇಲೇ ಇತ್ತು. ಅದನ್ನು ತೋರಿಸಿ ಎರಡು ಮಾತು ಹೇಳಿದ್ದರೆ ಆಗಿತ್ತು. ನಾನು ಏನು ಮಾಡಿದೆ ಗೊತ್ತೇ? ಒಂದು ಕಾಳು ತೆಗೆದು ಬಾಯಿಗೆ ಹಾಕಿ ಕಟಕ್ಕನೆ ಕಡಿದೆ.

ಮಂಡಕ್ಕಿ ಭಟ್ಟಿಯ ಮನೆಗಳಲ್ಲಿ ಭತ್ತ ನೋಡುವುದೇ ಹಾಗೆ. ಚೀಲ ಬಂದ ಕೂಡಲೇ ಅಪ್ಪ ಕಡಿಯುತ್ತಾರೆ, ಅವ್ವ ಕಡಿಯುತ್ತಾಳೆ, ಹಾದು ಹೋಗುವ ಪಕ್ಕದ ಭಟ್ಟಿಯವರೂ ಒಂದು ಕಾಳು ಕಡಿದೇ ಹೋಗುತ್ತಾರೆ. ಹಲ್ಲು ಬಂದಾಗಿನಿಂದ ನಾನು ಮಾಡಿದ ಕೆಲಸ ಅದು. ಮ್ಯಾನೇಜರ್ ಎದ್ದು ನಿಂತುಬಿಟ್ಟರು. ಬಿತ್ತನೆ ಬೀಜಕ್ಕೆ ವಿಷದ ಔಷಧಿ ಹಚ್ಚಿರುತ್ತಾರೆ, ಬಾಟನಿ ಓದಿ ಇಷ್ಟೂ ಗೊತ್ತಿಲ್ಲವಾ ಎಂದರು. ಔಷಧಿ ಹಚ್ಚಿದ್ದಕ್ಕೆ ಬಣ್ಣ ಇರುತ್ತದಂತಲ್ಲ, ಇದಕ್ಕೆ ಇರಲಿಲ್ಲ ಸರ್ ಎಂದೆ. ಬಣ್ಣ ಇಲ್ಲದಿದ್ದರೆ ಔಷಧಿ ಇಲ್ಲ ಎಂದು ನಿಮಗೆ ಯಾರು ಹೇಳಿದರು ಎಂದರು. ನನ್ನನ್ನು ನಲ್ಲಿಯ ಹತ್ತಿರ ಕರೆದುಕೊಂಡು ಹೋಗಿ, ತಾವು ಸಾಕು ಎನ್ನುವವರೆಗೂ ಬಾಯಿ ಮುಕ್ಕಳಿಸುವಂತೆ ಮಾಡಿದರು. ಪುಣ್ಯಕ್ಕೆ ಆ ತಟ್ಟೆಯ ಬೀಜಕ್ಕೆ ಏನೂ ಹಚ್ಚಿರಲಿಲ್ಲ. ತಿಳಿಸುತ್ತೇವೆ, ಹೋಗಿ ಎಂದರು. ಆ ಮಾತಿನ ಅರ್ಥ ಎಲ್ಲರಿಗೂ ಗೊತ್ತಿರುವುದೇ.

ಮನೆಗೆ ಹೋಗಲು ಮುಖವಿಲ್ಲದೆ ಹರಿಹರದ ಮೇಡಂ ಮನೆಗೆ ಹೋದೆ. ಅವರು ಜಗುಲಿಯ ಮೇಲೆ ಅವರೆಕಾಯಿ ಸುಲಿಯುತ್ತಾ ಕೂತಿದ್ದರು. ಎಲ್ಲ ಹೇಳಿದೆ. ಬಿದ್ದು ಬಿದ್ದು ನಗುತ್ತಾರೆ ಎಂದುಕೊಂಡಿದ್ದೆ. ನಗಲಿಲ್ಲ. ಕೈಯಲ್ಲಿದ್ದ ಕಾಯಿ ಕೆಳಗಿಟ್ಟು ಸೆರಗಿಗೆ ಕೈ ಒರೆಸಿಕೊಂಡರು.

"ಆವತ್ತು ನಿಮ್ಮಪ್ಪನ್ನ ಮಾತಿಗೆ ಕೂರಿಸಿದ್ದು ಬೇಕಂತಲೇ ಕಣೇ ಸವಿತಾ" ಎಂದರು. "ಆ ವರ್ಷ ನನ್ನ ಟೇಬಲ್ ಮುಂದೆ ಅಲ್ಲೀವರೆಗೂ ಒಬ್ರೂ ಬಂದಿರ್ಲಿಲ್ಲ. ಹುಡುಗ್ರು ಇಲ್ಲ ಅಂದ್ರೆ ಬಾಟನಿ ಮುಚ್ತೀವಿ ಅಂದಿದ್ರು. ಬಿಸಿಎ ಸಾಲು ಕರಗೋದು ನಂಗೆ ಕಾಣ್ತಿತ್ತು. ನಿಮ್ಮಪ್ಪನ ಬೆನ್ನು ಆ ಕಡೆ ಇತ್ತು. ನಾನು ಎಬ್ಬಿಸ್ಲಿಲ್ಲ."

ನನಗೆ ಸಿಟ್ಟು ಬಂತು. ನಿಜವಾಗಿಯೂ ಬಂತು. ಅವರ ಟೇಬಲ್ ಉಳಿಸಿಕೊಳ್ಳಲು ನನ್ನ ಬದುಕು ಬೇಕಿತ್ತೇ ಎಂದು ಕೇಳಬೇಕೆನಿಸಿತು. ಆದರೆ ಎದುರಿಗೆ ಕೂತವರ ಮುಖ ನೋಡಿದರೆ, ಬಸ್ಸಿಗೆ ಬಸ್ಸೇ ಕೇಳುವಂತೆ ಎಲ್ಲರ ಸಂಬಳ ವಿಚಾರಿಸುತ್ತಿದ್ದವರ ಒಳಗೆ ಏನಿತ್ತೆಂದು ಗೊತ್ತಾಯಿತು. ತಾವು ಓದಿಸಿದವರು ಎಲ್ಲಾದರೂ ನೆಲೆ ನಿಂತರೋ ಇಲ್ಲವೋ ಎಂಬ ಭಯ ಅದು. ಅವರ ಶಿಷ್ಯರಲ್ಲಿ ಒಬ್ಬ ಪೊಲೀಸ್, ಒಬ್ಬಳು ವಿಮೆ ಏಜೆಂಟ್, ಒಬ್ಬ ಮೊಬೈಲ್ ಅಂಗಡಿಯಲ್ಲಿ. ಎಲ್ಲರೂ ಚೆನ್ನಾಗಿಯೇ ಇದ್ದರು. ಗಿಡದ ಹತ್ತಿರ ಮಾತ್ರ ಯಾರೂ ಇರಲಿಲ್ಲ.

ನೀವೇ ಬಂದು ಮ್ಯಾನೇಜರಿಗೆ ಒಂದು ಮಾತು ಹೇಳಿ ಎಂದು ಕೇಳಿಕೊಂಡೆ. ಅವರು ಆಗದೆಂದು ತಲೆಯಾಡಿಸಿದರು.

"ನಾನು ಬಂದ್ರೆ ನನ್ನ ಮುಖ ನೋಡಿ ಕೊಡ್ತಾರೆ. ಬ್ಯಾಡ. ನೀನೇ ಹೋಗು. ಯಾಕ ಕಡಿದೆ ಅಂತ ಹೇಳು. ಔಷಧಿ ಹಚ್ಚಿದ ಬೀಜ ನಮ್ಮ ಮೇಡಂ ಒಂದಿನಾನೂ ತೋರಿಸಿಲ್ಲ ಅಂತನೂ ಹೇಳು, ಅದು ಖರೆ. ಇನ್ನೊಂದ್ಸಲ ಪರೀಕ್ಷೆ ಕೊಡ್ರಿ ಅಂತ ಕೇಳು."

ಮಾರನೆಯ ಬೆಳಿಗ್ಗೆ ಹೋದೆ. ಮ್ಯಾನೇಜರ್ ಗೇಟಿನಲ್ಲೇ ಸಿಕ್ಕರು. ಉಸಿರು ಬಿಡದೆ ಎಲ್ಲ ಒಪ್ಪಿಸಿದೆ, ಮಂಡಕ್ಕಿ ಭಟ್ಟಿ, ಅಪ್ಪ, ಅವ್ವ, ಪಕ್ಕದ ಭಟ್ಟಿಯವರು, ಮೇಡಂ ತೋರಿಸದೇ ಬಿಟ್ಟದ್ದು. ಮೇಡಂ ಹೆಸರು ಹೇಳುವಾಗ ನಾಲಿಗೆ ತಡವರಿಸಿತು, ಆದರೂ ಹೇಳಿದೆ. ಅವರು ಒಳಗೆ ಕರೆದು, ಗ್ಲೌಸ್ ಕೊಟ್ಟು ಹೊಸ ತಟ್ಟೆ ಇಟ್ಟರು. ಈ ಸಲ ಮೆಕ್ಕೆಜೋಳ. ಬೇರೆ ಮಾಡಿದೆ. ಯಂತ್ರದಲ್ಲಿ ತೇವ ನೋಡಿದೆ. ತುಟಿ ಬಿಗಿ ಹಿಡಿದಿದ್ದು ನೋಡಿ ಅವರಿಗೆ ನಗು ಬಂತು.

"ನಿನ್ನೆ ಬಂದ ಬೇರೆಯೋರು ಯಾರೂ ಬೀಜ ಮುಟ್ಟಲೇ ಇಲ್ಲಮ್ಮ, ದೂರದಿಂದ ನೋಡಿ ಉತ್ತರ ಹೇಳಿದ್ರು" ಎಂದರು. "ನಮಗೆ ಕೈ ಹಾಕೋರು ಬೇಕು. ಬಾಯಿ ಹಾಕೋದು ಇವತ್ತಿಗೆ ಬಿಟ್ಬಿಡು. ಸೋಮವಾರ ಬಾ."

ರಸ್ತೆಗೆ ಬಂದವಳೇ ಅಪ್ಪನಿಗೆ ಫೋನು ಮಾಡಿದೆ. ಬಾಟನಿ ಓದಿದ್ದಕ್ಕೇ ಕೊಟ್ರಾ ಎಂದರು. ಹೌದು ಎಂದೆ. ಮತ್ತೆ ಅದನ್ನೇ ಕೇಳಿದರು. ಹಿಂದೆ ಭಟ್ಟಿಯ ಸದ್ದು ಕೇಳುತ್ತಿತ್ತು. ಕೊಕ್ಕನೂರಿನವರಿಗೆ ಈಗಲೇ ಬ್ಯಾಡ ಅಂತ ನಾನೇ ಹೇಳುತ್ತೇನೆ ಎಂದರು. ನಾನು ಅಲ್ಲೇ ಒಂದು ಗೂಡಂಗಡಿಯ ಬೆಂಚಿನ ಮೇಲೆ ಕೂತುಬಿಟ್ಟೆ. ಅಷ್ಟು ನೆಮ್ಮದಿ ನನ್ನ ಬದುಕಿನಲ್ಲಿ ಅದಕ್ಕೆ ಮೊದಲು ಆಗಿದ್ದೇ ಇಲ್ಲ.

ಮೇಡಂಗೆ ಹೇಳಿದಾಗ ಅವರು ಹೂಂ ಎಂದರು, ಮಧ್ಯಾಹ್ನ ಕ್ಲಾಸಿದೆ ಎಂದು ಫೋನಿಟ್ಟರು. ನನಗೆ ಸ್ವಲ್ಪ ಬೇಜಾರಾಯಿತು.

ಮುಂದಿನ ಬೇಸಿಗೆಯಲ್ಲಿ ಅವರು ನಿವೃತ್ತರಾದರು. ಮೈಸೂರಿನಲ್ಲಿರುವ ತಂಗಿಯ ಮನೆಗೆ ಹೋಗುವುದೆಂದು ನಿಶ್ಚಯ ಮಾಡಿ, ಸಾಮಾನು ಕಟ್ಟಿಟ್ಟು, ಹೊರಡುವ ಹಿಂದಿನ ದಿನ ನನ್ನ ಲ್ಯಾಬ್ ನೋಡಲು ಬಂದರು. ಬಿಸಿಲಿನಲ್ಲಿ ನಡೆದು ಬಂದು ಮುಖ ಕೆಂಪಾಗಿತ್ತು. ಕಿಟಕಿಯ ಹತ್ತಿರ ಫ್ಯಾನಿನ ಕೆಳಗೆ ಒಂದು ಕುರ್ಚಿ ಹಾಕಿ ಕೂರಿಸಿ ನೀರು ಕೊಟ್ಟೆ. ಮ್ಯಾನೇಜರ್ ಇಣುಕಿ, ನಿಮ್ಮ ಹುಡುಗಿ ಪರವಾಗಿಲ್ಲ ಮೇಡಂ, ಇನ್ನೊಬ್ಬರು ಬೇಕಿದ್ದರು, ನಿಮ್ಮ ಕಾಲೇಜಿನವರೇ ಇದ್ದರೆ ಹೇಳಿ ಎಂದು ಹೋದರು. ಮೇಡಂ ಆ ಬಾಗಿಲನ್ನೇ ನೋಡುತ್ತಾ ಕೂತರು.

ನಾನು ಟ್ರೇ ಒಂದೊಂದೇ ತೆಗೆದು ತೋರಿಸುತ್ತಾ, ಇದು ಯಾವ ರೈತರ ಬೀಜ, ಇದರಲ್ಲಿ ಏನು ದೋಷ ಎಂದು ವಿವರಿಸುತ್ತಿದ್ದೆ. ಬಹಳ ಹೊತ್ತು ಏನೂ ಪ್ರಶ್ನೆ ಬರಲಿಲ್ಲವೆಂದು ತಿರುಗಿ ನೋಡಿದೆ. ಮೇಡಂ ಕುರ್ಚಿಗೆ ಒರಗಿ, ಬಾಯಿ ತುಸು ತೆರೆದು, ಸಣ್ಣಗೆ ಗೊರಕೆ ಹೊಡೆಯುತ್ತಾ ಗಾಢವಾಗಿ ನಿದ್ದೆ ಹೋಗಿದ್ದರು. ನಾನು ಟ್ರೇ ಸದ್ದಾಗದಂತೆ ಒಳಗೆ ಸರಿಸಿ, ಕಿಟಕಿಯ ಪರದೆ ಎಳೆದು, ಯಾರೂ ಒಳಗೆ ಬರದ ಹಾಗೆ ಬಾಗಿಲ ಬಳಿ ಹೋಗಿ ನಿಂತುಕೊಂಡೆ.